ಮೊಟ್ಟೆಯ ಮೇಲಿನ ಆರೋಪ, ರಕ್ತದ ಸಾಕ್ಷ್ಯ

1991ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವೈದ್ಯ ಫ್ರೆಡ್ ಕರ್ನ್ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಬ್ಬ ಅಜ್ಜನ ಬಗ್ಗೆ ಬರೆದರು. ಅಜ್ಜನಿಗೆ 88 ವರ್ಷ. ದಿನಕ್ಕೆ ಸುಮಾರು 25 ಮೊಟ್ಟೆ ತಿನ್ನುತ್ತಿದ್ದರು, ಅದೂ ಕನಿಷ್ಠ 15 ವರ್ಷಗಳಿಂದ. ಅವರಿದ್ದ ವೃದ್ಧರ ವಸತಿಗೆ ಅವರೊಬ್ಬರಿಗಾಗಿಯೇ ದಿನವೂ ಎರಡು ಡಜನ್ ಮೊಟ್ಟೆ ಬರುತ್ತಿತ್ತು. ಅರೆಬೇಯಿಸಿ, ಒಂದೊಂದಕ್ಕೂ ಲೆಕ್ಕ ಬರೆದಿಟ್ಟು ತಿನ್ನುವುದು ಅವರ ಕ್ರಮ. ಇದು ನಾಲಿಗೆಯ ಚಪಲವಲ್ಲ, ಬಿಡಬೇಕೆಂದರೂ ಬಿಡಲಾಗದ ಮಾನಸಿಕ ಗೀಳು. ಅವರ ರಕ್ತದಲ್ಲಿದ್ದ ಒಟ್ಟು ಕೊಲೆಸ್ಟ್ರಾಲ್ 200. ನಮ್ಮ ಯಾವುದೇ ಲ್ಯಾಬಿನ ರಿಪೋರ್ಟ್ ತೆಗೆದು ನೋಡಿ, ‘200ಕ್ಕಿಂತ ಕಡಿಮೆ ಇರಬೇಕು’ ಎಂದು ಅಚ್ಚಾಗಿರುತ್ತದೆ. ಅಜ್ಜ ಆ ಗಡಿಯ ಮೇಲೇ ನಿಂತಿದ್ದರು.

ಒಂದು ಮೊಟ್ಟೆಯ ಹಳದಿಯಲ್ಲಿ ಹೆಚ್ಚುಕಡಿಮೆ 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ, ಬಿಳಿಯಲ್ಲಿ ಇಲ್ಲ. 25 ಮೊಟ್ಟೆಯೆಂದರೆ 5 ಗ್ರಾಂ. ಆಗ ಅಮೆರಿಕದ ತಜ್ಞರು ಎಳೆದಿದ್ದ ಗೆರೆ ದಿನಕ್ಕೆ 300 ಮಿಲಿಗ್ರಾಂ. ಆ ಗೆರೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ರಷ್ಯಾದ ಮೊಲಗಳು.

1908ರ ಸುಮಾರಿಗೆ ಸೇಂಟ್ ಪೀಟರ್ಸ್‌ಬರ್ಗ್‌ನ ಮಿಲಿಟರಿ ವೈದ್ಯಕೀಯ ಅಕಾಡೆಮಿಯಲ್ಲಿ ಅಲೆಕ್ಸಾಂಡರ್ ಇಗ್ನಾಟೊವ್‌ಸ್ಕಿ ಎಂಬಾತ ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿದ. ಮೊಲಗಳ ರಕ್ತನಾಳಗಳು ದಪ್ಪಗಟ್ಟಿದವು. ಪ್ರಾಣಿಜನ್ಯ ಪ್ರೋಟೀನೇ ಇದಕ್ಕೆ ಕಾರಣ ಎಂದು ಅವನು ನಂಬಿದ್ದ. ಬಳಿಕ ಸ್ಟುಕ್ಕಿ ಎಂಬ ಇನ್ನೊಬ್ಬ ಸಂಶೋಧಕ ಒಂದೊಂದನ್ನೇ ಬೇರ್ಪಡಿಸಿ ಕೊಟ್ಟು ನೋಡಿದ. ಮೊಟ್ಟೆಯ ಬಿಳಿಯಿಂದ ಏನೂ ಆಗಲಿಲ್ಲ, ಹಳದಿಯಿಂದ ಆಯಿತು. ಹಳದಿಯೊಳಗಿನ ಯಾವುದರಿಂದ ಎಂಬ ಪ್ರಶ್ನೆಗೆ 1913ರಲ್ಲಿ ನಿಕೊಲಾಯ್ ಅನಿಚ್ಕೊವ್ ಮತ್ತು ಸೆಮಿಯೋನ್ ಖಲಾಟೊವ್ ಉತ್ತರ ಕೊಟ್ಟರು. ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೊಟ್ಟಾಗಲೂ ಮೊಲದ ನಾಳಗಳಲ್ಲಿ ಅದೇ ಜಿಡ್ಡು ಕಟ್ಟಿತು. ಇದಕ್ಕೆ ಮೂರು ವರ್ಷ ಮೊದಲೇ ಜರ್ಮನಿಯ ಅಡಾಲ್ಫ್ ವಿಂಡೌಸ್, ಕಾಯಿಲೆ ಬಿದ್ದ ಮನುಷ್ಯರ ಮಹಾಪಧಮನಿಯ ಗಡ್ಡೆಗಳಲ್ಲಿ ಆರೋಗ್ಯವಂತ ನಾಳಕ್ಕಿಂತ 20 ಪಟ್ಟಿಗೂ ಹೆಚ್ಚು ಕೊಲೆಸ್ಟ್ರಾಲ್ ಇದೆ ಎಂದು ತೋರಿಸಿದ್ದ. ಎರಡೂ ಸೇರಿ ಮೊಟ್ಟೆಯ ಮೇಲೆ ಆರೋಪಪಟ್ಟಿ ಸಿದ್ಧವಾಯಿತು.

ಆದರೆ ಮೊಲ ಸೊಪ್ಪು ತಿನ್ನುವ ಪ್ರಾಣಿ. ಅದರ ಸಹಜ ಆಹಾರದಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಹೆಚ್ಚಾದದ್ದನ್ನು ಹೊರಹಾಕುವ ಶಕ್ತಿಯೂ ಅದಕ್ಕೆ ಕಡಿಮೆ. ಇದೇ ಪ್ರಯೋಗವನ್ನು ಇಲಿಗಳ ಮೇಲೆ ಮಾಡಿದಾಗ ಏನೂ ಆಗಲಿಲ್ಲ. ಇಲಿ ತಿಂದ ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಮಾರ್ಪಡಿಸಿ ಹೊರಗೆ ಕಳಿಸಿಬಿಡುತ್ತದೆ. ಮನುಷ್ಯ ಈ ವಿಷಯದಲ್ಲಿ ಮೊಲವೋ ಇಲಿಯೋ? ಇದನ್ನು ಹೇಳಬೇಕಾದದ್ದು ಮನುಷ್ಯನ ರಕ್ತವೇ.

ಆ ರಕ್ತವನ್ನು ಅಳೆಯುವುದು ಆಗ ಸುಲಭವಿರಲಿಲ್ಲ. ಗಂಧಕಾಮ್ಲ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ ಕೊಲೆಸ್ಟ್ರಾಲ್ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆ ಹಸಿರು ಎಷ್ಟು ಗಾಢ ಎಂದು ನೋಡಿ ಪ್ರಮಾಣ ಹೇಳಬೇಕು. 1950ರಲ್ಲಿ ಬರ್ಕ್ಲಿಯ ಜಾನ್ ಗೋಫ್‌ಮನ್ ರಕ್ತದ್ರವವನ್ನು ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಕೊಲೆಸ್ಟ್ರಾಲ್ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ, ಪ್ರೋಟೀನಿನ ಹೊದಿಕೆಯ ಬೇರೆಬೇರೆ ಗಾತ್ರದ ಪೊಟ್ಟಣಗಳಲ್ಲಿ ಸಾಗುತ್ತದೆ ಎಂದು ತೋರಿಸಿದರು. ಇವತ್ತು ನಾವು ಎಲ್‌ಡಿಎಲ್, ಎಚ್‌ಡಿಎಲ್ ಎನ್ನುವುದು ಈ ಪೊಟ್ಟಣಗಳಿಗೆ. ಊರೂರಿನ ಲ್ಯಾಬಿಗೂ ಅಂಥ ಯಂತ್ರ ಕೊಡಲಾಗುತ್ತದೆಯೇ? 1972ರಲ್ಲಿ ವಿಲಿಯಂ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಒಂದು ಲೆಕ್ಕದ ಉಪಾಯ ಕಂಡುಕೊಂಡರು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಒಟ್ಟು 200, ಎಚ್‌ಡಿಎಲ್ 50, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 120. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ನಾವು ಹೆದರಿ ನೋಡುವ ಸಂಖ್ಯೆ ಎಷ್ಟೋ ರಿಪೋರ್ಟುಗಳಲ್ಲಿ ಅಳೆದದ್ದಲ್ಲ, ಹೀಗೆ ಲೆಕ್ಕ ಹಾಕಿದ್ದು. ಹನ್ನೆರಡು ಗಂಟೆ ಉಪವಾಸವಿದ್ದು ಬನ್ನಿ ಎನ್ನುತ್ತಿದ್ದದ್ದೂ ಮುಖ್ಯವಾಗಿ ಇದಕ್ಕೇ. ಊಟವಾದ ಮೇಲೆ ಏರುವುದು ಟ್ರೈಗ್ಲಿಸರೈಡ್, ಅದು ಏರಿದರೆ ಲೆಕ್ಕ ಕೆಡುತ್ತದೆ. ನಿನ್ನೆ ರಾತ್ರಿಯ ಆಮ್ಲೆಟ್ ಬೆಳಿಗ್ಗೆಯ ಕೊಲೆಸ್ಟ್ರಾಲ್ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ಅದು ವಾರಗಟ್ಟಲೆ ಊಟದ, ಅದಕ್ಕಿಂತ ಹೆಚ್ಚಾಗಿ ನಮ್ಮ ಲಿವರಿನ ಸ್ವಭಾವದ ಸೂಚನೆ.

ಮನುಷ್ಯರಿಗೆ ತಿನ್ನಿಸಿ ರಕ್ತ ನೋಡಿದವರಲ್ಲಿ ಮಿನ್ನೆಸೋಟದ ಆನ್ಸೆಲ್ ಕೀಸ್ ಪ್ರಮುಖರು. ಅವರ ಪ್ರಯೋಗಗಳು ಬಹುಮಟ್ಟಿಗೆ ಮಾನಸಿಕ ಆಸ್ಪತ್ರೆಯ ರೋಗಿಗಳ ಮೇಲೆ ನಡೆದವು. ಅಳೆದು ಕೊಟ್ಟ ಊಟ, ಆಮೇಲೆ ರಕ್ತಪರೀಕ್ಷೆ. ಇಂದಿನ ಯಾವ ನೈತಿಕ ಸಮಿತಿಯೂ ಇದನ್ನು ಅಷ್ಟು ಸಲೀಸಾಗಿ ಒಪ್ಪಲಾರದು. ಕೀಸ್ ಕಂಡುಕೊಂಡದ್ದೇನೆಂದರೆ, ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚು ಏರಿಸುವುದು ಬೆಣ್ಣೆ, ಮಾಂಸದ ಕೊಬ್ಬಿನಂಥ ಸ್ಯಾಚುರೇಟೆಡ್ ಕೊಬ್ಬು. ತಿಂದ ಕೊಲೆಸ್ಟ್ರಾಲ್‌ನ ಪಾಲು ಸಣ್ಣದು. 1965ರ ಅವರ ಸೂತ್ರದಲ್ಲಿ ಆ ಪಾಲು ವರ್ಗಮೂಲವಾಗಿ ಬರುತ್ತದೆ. ಅಂದರೆ ಮೊದಲ ಮೊಟ್ಟೆ ಏರಿಸಿದಷ್ಟು ನಾಲ್ಕನೆಯದು ಏರಿಸುವುದಿಲ್ಲ. ಕೊಬ್ಬಿನ ಮೇಲೆ ಯುದ್ಧ ಸಾರಿದವರೆಂದೇ ಕೀಸ್ ಹೆಸರಾಗಿರುವುದರಿಂದ, ಮೊಟ್ಟೆಯ ವಿಷಯದಲ್ಲಿ ಅವರು ಇಷ್ಟು ಸೌಮ್ಯರಾಗಿದ್ದರು ಎಂಬುದು ಮರೆತೇಹೋಗಿದೆ.

ಆದರೂ 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬಾರದು, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ತಿನ್ನಬಾರದು ಎಂದು ಹೇಳಿತು. ಮೊಟ್ಟೆ ವ್ಯಾಪಾರಿಗಳ ಸಂಘಟನೆಯೊಂದು, ಮೊಟ್ಟೆಗೂ ಹೃದ್ರೋಗಕ್ಕೂ ಸಂಬಂಧವಿದೆ ಎನ್ನಲು ವೈಜ್ಞಾನಿಕ ಪುರಾವೆಯೇ ಇಲ್ಲ ಎಂದು ಜಾಹೀರಾತು ಹಾಕಿತು. ಫೆಡರಲ್ ಟ್ರೇಡ್ ಕಮಿಷನ್ ಅದು ಜನರನ್ನು ದಾರಿ ತಪ್ಪಿಸುತ್ತದೆ ಎಂದಿತು, 1977ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಮುಖ್ಯವಾಗಿ ಕಮಿಷನ್ ಪರವಾಗಿಯೇ ತೀರ್ಪು ಕೊಟ್ಟಿತು. ನನಗೆ ಇದು ಸರಿಯಾದ ತೀರ್ಪೇ ಅನಿಸುತ್ತದೆ. ಪುರಾವೆ ದುರ್ಬಲ ಎನ್ನುವುದು ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ. 1984ರ ಮಾರ್ಚ್‌ನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎರಡು ಮೊಟ್ಟೆಯ ಕಣ್ಣು, ಬೇಕನ್ನಿನ ಜೋಲು ಬಾಯಿಯ ಅಳುಮುಖ ಬಂತು. ಅದಕ್ಕೆ ಕಾರಣವಾದ ದೊಡ್ಡ ಅಧ್ಯಯನದಲ್ಲಿ 3,806 ಗಂಡಸರ ಕೊಲೆಸ್ಟ್ರಾಲ್ ಇಳಿಸಿ ಹೃದಯಾಘಾತ ತಗ್ಗಿಸಿದ್ದು ಒಂದು ಔಷಧಿ. ಅಲ್ಲಿ ಮೊಟ್ಟೆಯ ವಿಚಾರಣೆಯೇ ನಡೆದಿರಲಿಲ್ಲ. ದೂರದರ್ಶನ ನೋಡಿ ಬೆಳೆದವರಿಗೆ ನೆನಪಿರಬಹುದು, ಅಲ್ಲಿ ಮೊಟ್ಟೆಯ ಮುಖ ಜೋತುಬಿದ್ದ ಕಾಲದ ಆಸುಪಾಸಿನಲ್ಲೇ ನಮ್ಮಲ್ಲಿ ಭಾನುವಾರವಿರಲಿ ಸೋಮವಾರವಿರಲಿ ದಿನಾ ಮೊಟ್ಟೆ ತಿನ್ನಿ ಎಂದು ಹಿಂದಿಯಲ್ಲಿ ಹಾಡಿ ಕರೆಯುತ್ತಿದ್ದರು.

1982ರಲ್ಲಿ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಒಂದು ವರದಿ ಬಂದಿತ್ತು. ಅದರ 912 ಜನರಲ್ಲಿ ಮೊಟ್ಟೆ ಹೆಚ್ಚು ತಿನ್ನುವವರಿಗೂ ಕಡಿಮೆ ತಿನ್ನುವವರಿಗೂ ರಕ್ತದ ಕೊಲೆಸ್ಟ್ರಾಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೃದ್ರೋಗದಲ್ಲೂ ಕಾಣಲಿಲ್ಲ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಒಂದೇ ಊಟ ಮಾಡುವ ಇಬ್ಬರ ನಡುವೆ ಹುಟ್ಟಿನಿಂದಲೇ 60–70 ಅಂಕಗಳ ಅಂತರ ಇರಬಹುದು. ಅಂಥ ಗದ್ದಲದಲ್ಲಿ ಮೊಟ್ಟೆ ಏರಿಸುವ ನಾಲ್ಕೈದು ಅಂಕದ ಪಿಸುಮಾತು ಕೇಳಿಸದು. ಕೇಳಿಸಬೇಕಾದರೆ ಒಬ್ಬರನ್ನೇ ಮೊಟ್ಟೆ ತಿಂದಾಗಲೂ ಬಿಟ್ಟಾಗಲೂ ಪರೀಕ್ಷಿಸಬೇಕು. 2001ರಲ್ಲಿ ನೆದರ್‌ಲೆಂಡ್ಸ್ ಸಂಶೋಧಕರು ಅಂಥ 17 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ದಿನಕ್ಕೆ 100 ಮಿಲಿಗ್ರಾಂ ಹೆಚ್ಚಿಗೆ ತಿಂದರೆ ಒಟ್ಟು ಕೊಲೆಸ್ಟ್ರಾಲ್ ಸರಾಸರಿ 2.2 ಅಂಕ ಏರುತ್ತದೆ ಎಂದು ಬಂತು. ಒಳ್ಳೆಯದೆನ್ನುವ ಎಚ್‌ಡಿಎಲ್ ಏರಿದ್ದು ಬರೀ 0.3.

ಸರಾಸರಿಯೂ ಪೂರ್ತಿ ನಿಜ ಹೇಳುವುದಿಲ್ಲ. ಅದೇ ದೇಶದ ಮಾರ್ಟೈನ್ ಕಾಟಾನ್ ಮತ್ತು ಆಂಟನ್ ಬೇನೆನ್ 1980ರ ದಶಕದಲ್ಲಿ ಅದೇ ಜನರಿಗೆ ಮತ್ತೆ ಮತ್ತೆ ಮೊಟ್ಟೆ ಕೊಟ್ಟು ರಕ್ತ ನೋಡಿದರು. ಕೆಲವರಲ್ಲಿ ಪ್ರತಿ ಸಲವೂ ಹೆಚ್ಚು ಏರಿತು, ಕೆಲವರಲ್ಲಿ ಅಷ್ಟಾಗಿ ಏರಲಿಲ್ಲ. ಆದರೆ ಮೊದಲ ಸಲ ಜೋರಾಗಿ ಏರಿದ ಎಷ್ಟೋ ಜನರಲ್ಲಿ ಎರಡನೇ ಸಲ ಅಷ್ಟು ಏರಲಿಲ್ಲ. ಯಾಕೆಂದರೆ ಒಬ್ಬರದೇ ಕೊಲೆಸ್ಟ್ರಾಲ್ ಏನೂ ಬದಲಾಗದಿದ್ದರೂ ವಾರದಿಂದ ವಾರಕ್ಕೆ ಹತ್ತಿಪ್ಪತ್ತು ಅಂಕ ಆಚೀಚೆ ಆಗುತ್ತಿರುತ್ತದೆ. ತಿಂಗಳು ಮೊಟ್ಟೆ ಬಿಟ್ಟು ಒಂದು ರಿಪೋರ್ಟ್ ತಂದು, ‘ನೋಡಿ, 15 ಇಳಿಯಿತು’ ಎನ್ನುವವರು ಮೊಟ್ಟೆಯ ಬಗ್ಗೆ ತಿಳಿದುಕೊಂಡದ್ದು ಅತ್ಯಲ್ಪ.

ಮತ್ತೆ ಅಜ್ಜನ ವಿಷಯಕ್ಕೆ ಬರೋಣ. ಕರ್ನ್ ಅವರಿಗೆ 200 ಎಂಬ ಸಂಖ್ಯೆಗಿಂತ ಅದರ ಹಿಂದಿನ ಕೆಲಸ ಮುಖ್ಯವಾಗಿತ್ತು. ಹೆಚ್ಚು ಮೊಟ್ಟೆ ತಿನ್ನಿಸಿದ ಆರೋಗ್ಯವಂತರ ಕರುಳು ತಿಂದ ಕೊಲೆಸ್ಟ್ರಾಲ್‌ನಲ್ಲಿ ಶೇ. 46ರಷ್ಟನ್ನು ಹೀರಿಕೊಳ್ಳುತ್ತಿತ್ತು, ಅಜ್ಜನದು ಶೇ. 18 ಮಾತ್ರ. ಜೊತೆಗೆ ಅವರ ಲಿವರ್ ಎರಡರಷ್ಟು ಪಿತ್ತಾಮ್ಲ ತಯಾರಿಸಿ ಕೊಲೆಸ್ಟ್ರಾಲನ್ನು ಖರ್ಚು ಮಾಡುತ್ತಿತ್ತು. ಮೊಲವೋ ಇಲಿಯೋ ಎಂಬ ಪ್ರಶ್ನೆಗೆ ಅವರ ದೇಹ ಇಲಿಯ ಕಡೆಗೆ ವಾಲಿತ್ತು. ಇನ್ನೊಂದು ತುದಿಯಲ್ಲಿ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕವೇ ಹುಟ್ಟಿನಿಂದ ಕೆಟ್ಟಿರುವ ಕುಟುಂಬಗಳಿವೆ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅದನ್ನು ಪತ್ತೆಮಾಡಿ 1985ರಲ್ಲಿ ನೊಬೆಲ್ ಪಡೆದರು. ಅಂಥವರ ಕೊಲೆಸ್ಟ್ರಾಲ್ ಮೊಟ್ಟೆಯನ್ನು ಮುಟ್ಟದಿದ್ದರೂ ಏರಿಯೇ ಇರುತ್ತದೆ.

2015ರ ಕೊನೆಯ ಹೊತ್ತಿಗೆ ಅಮೆರಿಕ ಸರ್ಕಾರದ ಆಹಾರ ಮಾರ್ಗಸೂಚಿಯಿಂದ 300ರ ಗೆರೆ ಹೋಯಿತು. ವಿವಾದ ಹೋಗಲಿಲ್ಲ. 2019ರಲ್ಲಿ 29,615 ಅಮೆರಿಕನ್ನರ ಲೆಕ್ಕ ತೆಗೆದ ಅಧ್ಯಯನ ಮೊಟ್ಟೆ ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂದಿತು. ಮರುವರ್ಷ 50 ದೇಶಗಳ 1,77,000 ಜನರ ಅಧ್ಯಯನ, ವಾರಕ್ಕೆ ಏಳು ಅಥವಾ ಹೆಚ್ಚು ಮೊಟ್ಟೆ ತಿನ್ನುವವರ ರಕ್ತದ ಕೊಬ್ಬಿನಲ್ಲೂ ಹೃದ್ರೋಗದಲ್ಲೂ ಗಮನಾರ್ಹ ಏರಿಕೆ ಇಲ್ಲ ಎಂದಿತು. ಈ ಎರಡನೆಯದರ ಹಿಂದೆ ಇದ್ದವರಲ್ಲಿ ಕೆನಡಾದ ಸಲೀಂ ಯೂಸುಫ್ ಒಬ್ಬರು. ಅವರು ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ 1999ರ ಹಾರ್ವರ್ಡ್ ವರದಿಯನ್ನು ಮರೆಯಬಾರದು. 1,17,000 ನರ್ಸುಗಳು ಮತ್ತು ಆರೋಗ್ಯ ವೃತ್ತಿಯವರಲ್ಲಿ ದಿನಕ್ಕೊಂದು ಮೊಟ್ಟೆಯಿಂದ ಅಪಾಯ ಕಾಣದಿದ್ದರೂ, ಅವರಲ್ಲೇ ಮಧುಮೇಹಿಗಳನ್ನು ಬೇರೆ ಮಾಡಿ ನೋಡಿದಾಗ ಹೃದ್ರೋಗ ಹೆಚ್ಚಿತ್ತು.