ಶಾಲೆ ಗೇಟಿನ ಹೊರಗೆ ನಿಂತ ಮೊಬೈಲ್ ವ್ಯಾನು

ಎಸ್‌ಡಿಎಂಸಿ ಸಭೆ ಇರಲಿ, ಅರಳಿಕಟ್ಟೆಯ ಮಾತಿರಲಿ, ಈಗ ಒಂದು ವಿಷಯ ಬಂದೇ ಬರುತ್ತದೆ: ಮಕ್ಕಳು ಶಾಲೆಗೆ ಮೊಬೈಲ್ ತರಬೇಕೋ ಬೇಡವೋ? "ಬ್ಯಾನ್ ಮಾಡಿದರೆ ಮುಗೀತು" ಅನ್ನುವವರನ್ನು ನಾವು ಬಹಳ ಕಂಡಿದ್ದೇವೆ. ಹಾಗೆ ಬ್ಯಾನ್ ಮಾಡಿ, ತೆಗೆದು, ಮತ್ತೆ ಮಾಡಿದ ಊರೊಂದಿದೆ, ಅಮೆರಿಕದ ನ್ಯೂಯಾರ್ಕ್. ಅಲ್ಲಿ ಏನಾಯಿತೆಂದು ಒಮ್ಮೆ ನೋಡೋಣ.

ಮೊಬೈಲಿಗೂ ಮೊದಲು ಪೇಜರ್ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆ. ಯಾರಾದರೂ ಕರೆದರೆ ಬೀಪ್ ಅಂದು ಅವರ ನಂಬರ್ ತೋರಿಸುತ್ತಿತ್ತು. 1980ರ ದಶಕದಲ್ಲಿ ಮಾದಕ ವಸ್ತು ಮಾರುವವರ ಕೈಯಲ್ಲಿ ಇದು ಓಡಾಡುತ್ತಿದ್ದ ಕಾರಣ ಅಮೆರಿಕದ ಹಲವು ಕಡೆ ಶಾಲೆಗೆ ಪೇಜರ್ ತರಬಾರದೆಂದರು. ನ್ಯೂಯಾರ್ಕ್ ನಗರದ ನಿಯಮ ಬಂದದ್ದು 1988ರಲ್ಲಿ. ಮುಂದೆ ಮೊಬೈಲ್ ಬಂದಾಗ ಅದೂ ಇದೇ ನಿಯಮಕ್ಕೆ ಸಿಕ್ಕಿತು. ಆದರೆ ಬ್ಯಾಗಿನೊಳಗೆ ಸುಮ್ಮನಿದ್ದರೆ ಎಷ್ಟೋ ಶಾಲೆಗಳಲ್ಲಿ ಕೇಳುವವರಿರಲಿಲ್ಲ.

2006ರಲ್ಲಿ ಗಾಳಿ ಬದಲಾಯಿತು. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಾಲದಲ್ಲಿ, ಚಾಕು, ಬಂದೂಕು ಹುಡುಕಲೆಂದು ಶಾಲೆಗಳಿಗೆ ಲೋಹಶೋಧಕ ಯಂತ್ರಗಳನ್ನು ದಿಢೀರನೆ ತರತೊಡಗಿದರು. ಅದರಲ್ಲಿ ಸಿಕ್ಕಿದ್ದು ರಾಶಿ ರಾಶಿ ಮೊಬೈಲ್. ಎಲ್ಲವನ್ನೂ ಕಿತ್ತುಕೊಂಡರು. ಅಪ್ಪ ಅಮ್ಮಂದಿರು ಸಿಟ್ಟಾದರು. 2001ರ ಸೆಪ್ಟೆಂಬರ್ 11ರ ದಾಳಿ ಕಂಡ ಊರದು. ಮಗು ಎಲ್ಲಿದೆ ಅಂತ ತಿಳಿಯದೆ ಒದ್ದಾಡಿದ ನೆನಪು ಇನ್ನೂ ಹಸಿಯಾಗಿತ್ತು. ಕೆಲವರು ಕೋರ್ಟಿಗೂ ಹೋದರು. ಕೋರ್ಟ್ ನಿಯಮವನ್ನೇ ಎತ್ತಿಹಿಡಿಯಿತು.

ಆಗ ಹುಟ್ಟಿಕೊಂಡಿತು ಹೊಸ ವ್ಯಾಪಾರ. ಶಾಲೆ ಹತ್ತಿರ ವ್ಯಾನು ನಿಂತವು. ಬೆಳಿಗ್ಗೆ ಮೊಬೈಲ್ ಕೊಟ್ಟು ಚೀಟಿ ಪಡೆಯುವುದು, ಸಂಜೆ ವಾಪಸ್ ತೆಗೆದುಕೊಳ್ಳುವುದು. ದಿನಕ್ಕೆ 1 ಡಾಲರ್. ಅಕ್ಕಪಕ್ಕದ ಅಂಗಡಿಗಳೂ ಇದೇ ಕೆಲಸಕ್ಕೆ ಇಳಿದವು. ವರ್ಷಕ್ಕೆ 180 ದಿನ ಶಾಲೆ ಅಂದರೆ ಒಂದು ಮಗುವಿಗೆ 180 ಡಾಲರ್.

ಇದನ್ನು ಕಟ್ಟಿದವರು ಯಾರು? ಕಾಯಂ ಲೋಹಶೋಧಕ ಇದ್ದ ಶಾಲೆಗಳಲ್ಲಿ ಹೆಚ್ಚಿನವು ಬಡವರ ಬಡಾವಣೆಗಳವು. ಅಲ್ಲಿನ ಮಕ್ಕಳು ದುಡ್ಡು ಕೊಡಲೇಬೇಕಾಯಿತು. ಯಂತ್ರವಿಲ್ಲದ ಶಾಲೆಯ ಮಕ್ಕಳು ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಹೋಗುತ್ತಿದ್ದರು. ನಿಯಮ ಒಂದೇ, ದಂಡ ಮಾತ್ರ ಬಡವರಿಗೆ. ಮುಂದಿನ ಮೇಯರ್ ಬಿಲ್ ಡಿ ಬ್ಲಾಸಿಯೊ 2015ರ ಮಾರ್ಚ್‌ನಲ್ಲಿ ಈ ನಿಷೇಧ ತೆಗೆದಾಗ ಇದೇ ತಾರತಮ್ಯದ ಮಾತು ಮುಂದಿತ್ತು.

ಅಷ್ಟರಲ್ಲಿ ಮೊಬೈಲೇ ಬೇರೆಯಾಗಿತ್ತು. ಕರೆ ಮಾಡುವ ಪೆಟ್ಟಿಗೆ ಹೋಗಿ ರೀಲ್ಸ್, ಗೇಮ್ ತುಂಬಿದ ಸ್ಮಾರ್ಟ್‌ಫೋನ್ ಬಂದಿತ್ತು. ಪಾಠ ನಡೆಯುತ್ತಿದ್ದರೂ ಕಣ್ಣು ಸ್ಕ್ರೀನಿನ ಮೇಲೆ. ಕೊನೆಗೆ 2025ರ ಸೆಪ್ಟೆಂಬರ್‌ನಿಂದ ಇಡೀ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮೊದಲ ಬೆಲ್‌ನಿಂದ ಕೊನೆಯ ಬೆಲ್‌ವರೆಗೆ ಸ್ಮಾರ್ಟ್‌ಫೋನ್ ಬಳಸುವಂತಿಲ್ಲ ಎಂಬ ಕಾನೂನು ಜಾರಿಯಾಯಿತು. ಊಟದ ಬಿಡುವಿನಲ್ಲೂ ಇಲ್ಲ.

ಆದರೆ ಈ ಸಲ ಹಳೆಯ ಪಾಠ ಮರೆತಿರಲಿಲ್ಲ. ಫೋನ್ ಇಡುವ ವ್ಯವಸ್ಥೆ ಶಾಲೆಯದೇ, ಅದಕ್ಕೆ ರಾಜ್ಯದಿಂದ 1.35 ಕೋಟಿ ಡಾಲರ್. ತುರ್ತು ಬಂದರೆ ಮನೆಯವರು ಮಗುವನ್ನು ಸಂಪರ್ಕಿಸಲು ಶಾಲೆಯೇ ದಾರಿ ಮಾಡಬೇಕು. ಇಂಟರ್ನೆಟ್ ಇಲ್ಲದ ಸಾದಾ ಫೋನಿಗೆ ಈ ಕಾನೂನಿನ ಅಡ್ಡಿಯಿಲ್ಲ. ಫೋನ್ ಬಳಸಿದ ಒಂದೇ ಕಾರಣಕ್ಕೆ ಮಗುವನ್ನು ಶಾಲೆಯಿಂದ ಅಮಾನತು ಮಾಡುವಂತಿಲ್ಲ.

ನಮ್ಮಲ್ಲಿ 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ, ಮಕ್ಕಳ ಕೈಗೆ ಮೊಬೈಲ್ ಕೊಡಿ ಅಂದದ್ದು ಶಾಲೆಗಳೇ. ಎಷ್ಟೋ ಮನೆಯಲ್ಲಿ ಸಾಲ ಮಾಡಿ ತಂದರು. ಬಸ್ಸಿಗೆ ಕಾದು ಹೈಸ್ಕೂಲಿಗೆ ಹೋಗುವ ಹುಡುಗಿಯ ಬ್ಯಾಗಿನಲ್ಲಿ ಇವತ್ತು ಇರುವುದು ಬಹುಶಃ ಅದೇ ಫೋನು. ಪಾಠದ ಹೊತ್ತಿಗೆ ಅದು ಬೇಡ ಅನ್ನುವುದು ನಮಗೂ ಒಪ್ಪಿಗೆ. ಆದರೆ ಮುಂದಿನ ಸಭೆಯಲ್ಲಿ ಕೈ ಎತ್ತುವ ಮೊದಲು ಎರಡು ಮಾತು ಕೇಳಿ: ಆ ಫೋನನ್ನು ಸಂಜೆವರೆಗೆ ಜೋಪಾನ ಮಾಡುವವರು ಯಾರು? ಬಸ್ಸು ತಪ್ಪಿದ ದಿನ ಆ ಹುಡುಗಿ ಮನೆಗೆ ಹೇಗೆ ತಿಳಿಸಬೇಕು?