ಆಸ್ಪತ್ರೆಯ ಅಂಗಳಕ್ಕೊಂದು ತೋಟ

ದಂಡೋತಿಯ ಹೆಸರು ಪತ್ರಿಕೆಗಳಲ್ಲಿ ಕಾಣುವುದು ಹೆಚ್ಚಾಗಿ ಮಳೆಗಾಲದಲ್ಲಿ. ಕಾಗಿಣಾ ಉಕ್ಕಿ ಅಲ್ಲಿನ ಸೇತುವೆ ಮುಳುಗಿತೆಂದರೆ ಚಿತ್ತಾಪುರ-ಕಲಬುರಗಿ ಸಂಚಾರ ನಿಂತುಹೋಗುತ್ತದೆ. ಇದೇ ನದಿಗೆ ವೈದ್ಯಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು.

ದಂಡೋತಿಯಿಂದ ನದಿಯ ಮೇಲ್ಭಾಗಕ್ಕೆ ಹೋದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯ ಸಂಸ್ಕೃತದಲ್ಲಿ ಬರೆದ 'ಕಲ್ಯಾಣಕಾರಕ'ದಲ್ಲಿ ಮಾಂಸ, ಮದ್ಯ, ಜೇನುತುಪ್ಪಗಳಿಗೆ ಜಾಗವಿಲ್ಲ. ಮಾಂಸವಿಲ್ಲದೆ ಮದ್ದಿಲ್ಲವೆನ್ನುವವರ ಎದುರು ಆತ ನೃಪತುಂಗನ ಆಸ್ಥಾನದಲ್ಲಿ ವಾದಿಸಿದನೆಂದು ಗ್ರಂಥದ ಕೊನೆಯ ಭಾಗ ಹೇಳುತ್ತದೆ. ರಸೌಷಧಗಳ ಮಾತೂ ಅದರಲ್ಲಿದೆ. ಆದರೂ ಹೀಗೆ ವಾದಿಸುವ ವೈದ್ಯನಿಗೆ ಗಿಡಮೂಲಿಕೆಯೇ ದೊಡ್ಡ ಆಸರೆ.

ನದಿಯ ಕೆಳಗೆ, ಕಾಗಿಣಾ ಭೀಮೆಯನ್ನು ಸೇರಿದ ಮೇಲೆ, ಸನ್ನತಿ. ಅಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಚಿಕಿತ್ಸೆಯ ವಿಷಯವಿರುವ ಎರಡನೆಯ ಶಾಸನ ಈ ಕಲ್ಲಿನಲ್ಲಿಲ್ಲ. ಅದನ್ನು ಓದಲು ಕರ್ನೂಲು ಸೀಮೆಯ ಎರ್ರಗುಡಿಗೆ ಹೋಗಬೇಕು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಮೂಲಿಕೆ ಇಲ್ಲದೆಡೆಗೆ ತಂದು ನೆಡುವುದು, ದಾರಿಯಲ್ಲಿ ಬಾವಿ, ಮರ: ಎಲ್ಲವೂ ಒಂದೇ ಶಾಸನದಲ್ಲಿ. ಮದ್ದು, ನೀರು, ನೆರಳುಗಳನ್ನು ಆ ಅರಸ ಬೇರೆ ಬೇರೆ ಇಲಾಖೆಗಳಿಗೆ ಹಂಚಲಿಲ್ಲ!

ಮದ್ದಿಗಾಗಿ ಬೆಳೆಸುವ ತೋಟ ಒಂದು. ರೋಗಿ ಹೋಗಿ ಕೂರುವ ತೋಟ ಇನ್ನೊಂದು. ಎರಡನೆಯದು ಬರಿಯ ಅಲಂಕಾರವೆಂಬ ಭಾವನೆ ಬಲವಾಗಿರುವುದರಿಂದಲೇ ಹೊಸ ಕಟ್ಟಡಕ್ಕೋ ವಾಹನ ನಿಲುಗಡೆಗೋ ಜಾಗ ಬೇಕಾದಾಗ ಮೊದಲ ಕೊಡಲಿ ಬೀಳುವುದು ಮರಕ್ಕೆ. ಚರಕಸಂಹಿತೆಯಾದರೋ ಚಿಕಿತ್ಸಾಗೃಹ ಹೊಗೆ, ಬಿಸಿಲು, ಧೂಳುಗಳಿಂದ ದೂರವಿದ್ದು, ಸುಖವಾಗಿ ಓಡಾಡುವಂತಿರಬೇಕು ಎನ್ನುತ್ತದೆ. ಹಾಡುವವರು, ಕಥೆ ಹೇಳುವವರೂ ಅಲ್ಲಿರಬೇಕಂತೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಾಚೆ ಮರಗಳು ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋಗಿದ್ದರು. ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಸಣ್ಣ ಅಧ್ಯಯನವೇ ಹೌದು, ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸುವಂತೆ ಮಾಡಿತು.

ಕಾಗಿಣಾ ಬಯಲಿಗೆ ಪರದೇಶದ ಹುಲ್ಲುಹಾಸು ಒಗ್ಗದು. ಬೇಸಿಗೆ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಮೊದಲು ಬೇಕಾದದ್ದು ಬೇವು, ಹೊಂಗೆಯ ನೆರಳು. ಹೂವಿನ ಮಾತು ಆಮೇಲೆ. ಶಹಾಬಾದ್ ಕಲ್ಲು ಹತ್ತಿರದಲ್ಲೇ ಸಿಗುತ್ತದೆ ನಿಜ, ಆದರೆ ಬಿಸಿಲಿಗೆ ಕಾದ ಹಾಸಿನ ಮೇಲೆ ಬರಿಗಾಲಿನ ರೋಗಿ ನಡೆಯಲಾರ. ಹಾದಿಯೂ ನೆರಳಿನಲ್ಲೇ ಸಾಗಬೇಕು. ಗಾಲಿಕುರ್ಚಿ ಹೋಗುವಷ್ಟು ಅಗಲ, ಹಿಡಿದು ನಡೆಯಲು ಕಂಬಿ, ಕೂತೇಳಲು ಸುಲಭವಾದ ಕಟ್ಟೆ ಇರಬೇಕು. ಕುಡಿಯುವ ನೀರಂತೂ ಬೇಕೇ ಬೇಕು, ಏಕೆಂದರೆ ರೋಗಿಯ ಜತೆ ಊರಿನಿಂದ ಬಂದವರು ದಿನವಿಡೀ ಕಾಯುವುದೂ ಅಲ್ಲಿಯೇ. ಚೆಂದಕ್ಕೆಂದು ಎಲ್ಲೆಡೆ ನೆಡುವ ಕಣಗಿಲೆ ವಿಷದ ಗಿಡ, ಮಕ್ಕಳ ಕೈಗೆಟಕುವಲ್ಲಿ ಅದು ಬೇಡ.