ಮೌನವೆಂದು ಬರೆಯುವ ಮುನ್ನ: ಅಲೀಪುರದ ಮಾತು, ಸನ್ನೆ ಮತ್ತು ಧ್ವನಿಮುದ್ರಣದ ಬರಹರೂಪ

ಧ್ವನಿಮುದ್ರಣವನ್ನು ಬರಹಕ್ಕಿಳಿಸುವವರು ಮಾತು ನಿಂತ ಕಡೆ ಕಂಸದೊಳಗೆ 'ಮೌನ' ಎಂದು ಗುರುತು ಹಾಕುವುದು ರೂಢಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಈ ರೂಢಿ ದಾರಿ ತಪ್ಪಿಸುತ್ತದೆ. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಈ ಊರಿನಲ್ಲಿ ಮದುವೆಗಳು ಬಹುಮಟ್ಟಿಗೆ ಸಮುದಾಯದೊಳಗೇ ನಡೆಯುತ್ತ ಬಂದಿವೆ. ಆನುವಂಶಿಕ ಕಿವುಡುತನ ತಲೆಮಾರುಗಳಿಂದ ಉಳಿದಿದೆ, ಅದರೊಂದಿಗೆ ಊರಿನದೇ ಆದ ಸನ್ನೆಭಾಷೆಯೂ ಬೆಳೆದಿದೆ. ಉಲ್ರಿಕೆ ಜೆಶಾನ್ ಮತ್ತು ಕೋನಿ ಡಿ ವೋಸ್ 2012ರಲ್ಲಿ ಹೊರತಂದ ಗ್ರಾಮೀಣ ಸನ್ನೆಭಾಷೆಗಳ ಸಂಪುಟದಲ್ಲಿ, ಸ್ವತಃ ಕಿವುಡರಾದ ಸಂಶೋಧಕ ಶಿಬಾಜಿ ಪಾಂಡಾ ಈ ಭಾಷೆಯ ಸಾಮಾಜಿಕ ಸ್ವರೂಪವನ್ನು ದಾಖಲಿಸಿದ್ದಾರೆ. ಕಿವಿ ಕೇಳುವ ಅನೇಕರಿಗೂ ಈ ಸನ್ನೆಗಳು ಗೊತ್ತು. ತಾಯಿ ಪಕ್ಕದ ಮನೆಯವರ ಜೊತೆ ಬಾಯಲ್ಲಿ ಮಾತಾಡುತ್ತಲೇ ಮಗನಿಗೆ ಕೈಯಲ್ಲಿ ಉತ್ತರ ಕೊಡಬಲ್ಲಳು. ರೆಕಾರ್ಡರಿಗೆ ಸಿಕ್ಕುವುದು ಆ ಸಂಭಾಷಣೆಯ ಒಂದು ಭಾಗ ಮಾತ್ರ. ಆದ್ದರಿಂದ ಅಲೀಪುರದ ಮಟ್ಟಿಗೆ ಧ್ವನಿ ಕಡತವನ್ನು ಮೂಲ ದಾಖಲೆ ಎಂದು ಕರೆಯಲಾಗದು. ಮೂಲವಾಗಬೇಕಾದದ್ದು ವಿಡಿಯೊ.

ಯಂತ್ರದಿಂದ ಬರಹಕ್ಕಿಳಿಸುವ ಈ ಕಾಲದಲ್ಲಿ ಅಪಾಯ ಇನ್ನೂ ಹೆಚ್ಚು. ಓಪನ್‌ಎಐ 2022ರಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ತಂತ್ರಾಂಶವನ್ನು ಅಲಿಸನ್ ಕೊಯೆನೆಕ್ ಮತ್ತು ಸಹಸಂಶೋಧಕರು ಪರಿಶೀಲಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಸುಮಾರು ನೂರಕ್ಕೆ 1ರಷ್ಟು ಧ್ವನಿ ತುಣುಕುಗಳಲ್ಲಿ ಯಾರೂ ಆಡದ ಪದಗುಚ್ಛಗಳನ್ನೋ ಇಡೀ ವಾಕ್ಯಗಳನ್ನೋ ಯಂತ್ರವೇ ಹುಟ್ಟಿಸಿತ್ತು. ಮಾತಿನ ನಡುವೆ ಬಿಡುವು ಹೆಚ್ಚಿದ್ದ ಕಡೆ ಈ ದೋಷವೂ ಹೆಚ್ಚಿತ್ತು. ಆ ಅಧ್ಯಯನ ಇಂಗ್ಲಿಷ್ ಮುದ್ರಣಗಳದ್ದು. ಆದರೂ ಬಿಡುವಿನಲ್ಲೇ ಸನ್ನೆ ನಡೆಯುವ ಊರಿಗೆ ಅದು ನೇರವಾಗಿ ಸಂಬಂಧಿಸಿದ ಎಚ್ಚರಿಕೆ: ಕೈ ಹೇಳಿದ್ದು ಅಳಿಸಿಹೋಗಿ, ಯಾರೂ ಹೇಳದ್ದು ಆ ಜಾಗದಲ್ಲಿ ಕೂರಬಹುದು.

ಕಿವಿಗೆ ಬೀಳುವ ಭಾಗವೂ ಸರಳವಲ್ಲ. ಊರಿನ ದಖ್ಖನಿ ಉರ್ದು, ಸುತ್ತಲಿನ ಕನ್ನಡ, ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆಯಾದ್ದರಿಂದ ತೆಲುಗು, ಈ ಮೂರೂ ಒಂದೇ ಮಾತುಕತೆಯಲ್ಲಿ ಬೆರೆಯಬಹುದು. ದಖ್ಖನಿಯ 'ನಕ್ಕೊ' (ಬೇಡ), 'ಲೋಗಾಂ' (ಜನರು) ಎಂಬ ರೂಪಗಳನ್ನು ಪುಸ್ತಕದ ಉರ್ದುವಿಗೆ ತಿದ್ದುವ ಚಪಲ ಓದಿದವರಿಗೆ ಸಹಜ. ಈ ಸೀಮೆಯ ಕನ್ನಡದಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದರಿಂದ 'ಓದೋರು' ಎಂದು ಕೇಳಿಸಿದ್ದು ಪುಸ್ತಕ ಓದುವವರೋ ಊರಿಗೆ ಹೋದವರೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ತಿದ್ದಬಾರದು, ತಿದ್ದದೆ ಹುಡುಕಲೂ ಆಗದು. ಕೇಳಿಸಿದ್ದು ಒಂದು ಸಾಲಿನಲ್ಲಿ, ಶಿಷ್ಟರೂಪ ಅದರ ಕೆಳಗಿನ ಸಾಲಿನಲ್ಲಿ ಇರುವುದೇ ಸರಿ. ನೈಮೇಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಉಚಿತವಾಗಿ ಕೊಡುವ ಇಲಾನ್ ತಂತ್ರಾಂಶದಲ್ಲಿ ಇಂಥ ಪದರಗಳನ್ನು ವಿಡಿಯೊದ ಕ್ಷಣಕ್ಷಣಕ್ಕೆ ಜೋಡಿಸಬಹುದು. ಮಾತಿಗೊಂದು, ಬಲಗೈಗೊಂದು, ಎಡಗೈಗೊಂದು, ಮುಖಭಾವಕ್ಕೊಂದು ಪದರ ಇಡಬಹುದು.

ಗದ್ದಲದ ಸಮಸ್ಯೆ ಬೇರೆ. ಅಲೀಪುರ ಹರಳು ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ ಊರು. ಕಲ್ಲು ಉಜ್ಜುವ ಯಂತ್ರದ ಪಕ್ಕ ಮಾಡಿದ ಸಂದರ್ಶನದಲ್ಲಿ ಪದಗಳ ಅಂಚು ಸವೆದುಹೋಗುತ್ತದೆ. ಮೊಹರಂ ದಿನಗಳ ಶೋಕಾಚರಣೆಯಾದ ಮಾತಮ್‌ನಲ್ಲಿ ಎದೆ ಬಡಿದುಕೊಳ್ಳುವ ಸದ್ದು ಮತ್ತು ನೌಹಾ ಎಂಬ ಶೋಕಗೀತೆಗಳ ಗಾಯನ ಒಂದರ ಮೇಲೊಂದು ಬೀಳುತ್ತವೆ. 1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ನೆಲೆಗೊಂಡ ಭೂಕಂಪಮಾಪಕ ಜಾಲವು ಒಂದೇ ಕಂಪನವನ್ನು ಹಲವು ಮಾಪಕಗಳಲ್ಲಿ ಹಿಡಿದು, ಹೋಲಿಸಿ, ನೆಲದ ಗದ್ದಲದಿಂದ ಬೇರ್ಪಡಿಸುವಂತೆ, ಇಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಮೈಕು ಕೊಟ್ಟು ಬೇರೆ ಬೇರೆ ಜಾಡಿನಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು. ಹಾಗಾಗದಿದ್ದರೆ ಊಹಿಸಿ ತುಂಬದೆ, ಸಮಯದ ಗುರುತಿನೊಂದಿಗೆ 'ಕೇಳಿಸಲಿಲ್ಲ' ಎಂದು ಬರೆಯಬೇಕು. 'ಕೇಳಿಸಲಿಲ್ಲ', 'ಮಾತಿಲ್ಲ', 'ಸನ್ನೆ ಇದೆ, ಅರ್ಥವಾಗಲಿಲ್ಲ' ಎಂಬ ಮೂರನ್ನೂ ಬೇರೆಬೇರೆಯಾಗಿಯೇ ದಾಖಲಿಸಬೇಕು.

ಸನ್ನೆಯನ್ನು ಬರೆಯುವಾಗ ಕನ್ನಡ ಲಿಪಿಗೆ ವಿಶೇಷ ತೊಡಕಿದೆ. ರೋಮನ್ ಲಿಪಿಯವರು ಸನ್ನೆಯ ಅರ್ಥವನ್ನು ದೊಡ್ಡಕ್ಷರದಲ್ಲಿ ಬರೆದು ಮಾತಿನಿಂದ ಬೇರ್ಪಡಿಸುತ್ತಾರೆ. ನಮಗೆ ಆ ಸೌಲಭ್ಯವಿಲ್ಲ, 'ಮದುವೆ' ಎಂದು ಬರೆದರೆ ಆ ಕನ್ನಡ ಪದವನ್ನೇ ಆಡಿದಂತೆ ಓದಿಸುತ್ತದೆ. ಪ್ರತಿ ಸನ್ನೆಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ವಿಡಿಯೊ ತುಣುಕಿಗೆ ಕೂಡಿಸುವುದು ಮೇಲು. ಲೆಕ್ಕದ ವಿಷಯದಲ್ಲಂತೂ ಇದು ಅನಿವಾರ್ಯ. ಅಲೀಪುರ, ಮೆಕ್ಸಿಕೊದ ಚಿಕಾನ್, ಟರ್ಕಿಯ ಮಾರ್ದಿನ್ ಸನ್ನೆಭಾಷೆಗಳ ಸಂಖ್ಯಾಪದಗಳನ್ನು ಹೋಲಿಸಿದ 2013ರ ಅಧ್ಯಯನವೊಂದು, ಕಳೆಯುವಿಕೆಯಿಂದ ಸಂಖ್ಯೆ ಕಟ್ಟುವ ಕ್ರಮ, ಹತ್ತಲ್ಲದ ಆಧಾರಸಂಖ್ಯೆ ಮುಂತಾದ ಅಪರೂಪದ ಲಕ್ಷಣಗಳು ಇಂಥ ಊರುಗಳ ಸನ್ನೆಗಳಲ್ಲಿವೆ ಎಂದು ತೋರಿಸಿದೆ. ಬರಹದಲ್ಲಿ ಬರೀ ಅಂಕಿ ಉಳಿದರೆ, ಕೈ ಅದನ್ನು ಹೇಗೆ ಕಟ್ಟಿತು ಎಂಬುದೇ ಕಳೆದುಹೋಗುತ್ತದೆ.

ಒಪ್ಪಿಗೆಯ ಪ್ರಶ್ನೆಯನ್ನು ಹಗುರವಾಗಿ ನೋಡುವಂತಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಹೆಸರು ಬದಲಿಸಿದರೆ ಗುರುತು ಮರೆಯಾಗದು. ಮುಖವನ್ನು ಮಸುಕು ಮಾಡಿದರೆ ಸನ್ನೆಯ ವ್ಯಾಕರಣವೇ ಹೋಗುತ್ತದೆ. ಯಾವ ತುಣುಕು ಯಾರಿಗೆ ಕಾಣಬೇಕೆಂಬುದನ್ನು ಮಾತಾಡಿದವರೇ, ಸನ್ನೆ ಮಾಡಿದವರೇ, ತೆರೆಯ ಮುಂದೆ ಕೂತು ನೋಡಿ ನಿರ್ಧರಿಸಬೇಕು. ಬರಹರೂಪವನ್ನು ಸರಿ ನೋಡುವವರಲ್ಲಿಯೂ ಊರಿನ ಕಿವುಡರು ಇರಬೇಕು. ಸ್ವಚ್ಛವಾದ ಒಂದು ಗಂಟೆಯ ಧ್ವನಿಗೇ ನಾಲ್ಕಾರು ಗಂಟೆ ಹಿಡಿಯುವ ಕೆಲಸವಿದು, ಸನ್ನೆಯ ಪದರಗಳು ಸೇರಿದರೆ ಅದರ ಹಲವು ಪಟ್ಟು ಬೇಕು. ಊರಿನ ಕಿವುಡರು ಕೊಡುವ ಆ ಗಂಟೆಗಳ ಸಂಭಾವನೆಯನ್ನು ಯೋಜನೆಯ ಮೊದಲ ಅಂದಾಜುಪಟ್ಟಿಯಲ್ಲೇ ಕಾಣಿಸಬೇಕು.